ಮೂಲದ ಜೊತೆಗೇ ಮುಳುಗುವ ಪ್ರತಿಗಳು

2021ರ ಫೆಬ್ರವರಿ 24, ಬುಧವಾರ. ಮರುದಿನ ತಿಂಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಒಪ್ಪಂದಗಳ ಗಡುವು. ಹಾಗಾಗಿ ಷೇರುಪೇಟೆಯಲ್ಲಿ ಎಂದಿಗಿಂತ ಹೆಚ್ಚು ಗಡಿಬಿಡಿ. ಬೆಳಗ್ಗೆ 11.40ರ ಹೊತ್ತಿಗೆ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಅಂದರೆ ಎನ್‌ಎಸ್‌ಇ, ವಹಿವಾಟನ್ನು ನಿಲ್ಲಿಸಿತು. ಪರದೆಯ ಮೇಲಿನ ಅಂಕಿಗಳು ಇದ್ದಲ್ಲೇ ನಿಂತವು. ಬೆಳಗ್ಗೆ ಕೊಂಡು ಸಂಜೆಯೊಳಗೆ ಮಾರುವ ಲೆಕ್ಕದಲ್ಲಿದ್ದವರಿಗೆ ಅತ್ತ ಮಾರಲೂ ಆಗದು, ಇತ್ತ ಸುಮ್ಮನಿರಲೂ ಆಗದು. ಕೆಲವು ಬ್ರೋಕರ್‌ಗಳು ತಮ್ಮ ಗ್ರಾಹಕರ ವ್ಯವಹಾರವನ್ನು ಮತ್ತೊಂದು ಷೇರು ವಿನಿಮಯ ಕೇಂದ್ರವಾದ ಬಿಎಸ್‌ಇಯಲ್ಲಿ ಚುಕ್ತಾ ಮಾಡಿ ಕೈತೊಳೆದುಕೊಂಡರು. ಮಧ್ಯಾಹ್ನ 3.30ಕ್ಕೆ ಮುಚ್ಚಬೇಕಿದ್ದ ಪೇಟೆ ಅಂದು 3.45ಕ್ಕೆ ಮತ್ತೆ ತೆರೆದು ಸಂಜೆ 5ರವರೆಗೆ ನಡೆಯಿತು.

ಅಂದು ಆದದ್ದೇನು ಎಂಬುದನ್ನು ಎನ್‌ಎಸ್‌ಇ ಸುಮಾರು ಒಂದು ತಿಂಗಳ ನಂತರ ವಿವರಿಸಿತು. ಅದರ ಮುಖ್ಯ ಡೇಟಾ ಕೇಂದ್ರ ಇರುವುದು ಮುಂಬೈಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಕುರ್ಲಾದಲ್ಲಿ ಅದರ ಪಡಿಯಚ್ಚು, ದೂರದ ಚೆನ್ನೈಯಲ್ಲಿ ಇನ್ನೊಂದು. ರಸ್ತೆ ಅಗೆತದಿಂದ ಮುಂಬೈಯ ಎರಡು ಕೇಂದ್ರಗಳ ನಡುವಿನ ಕೇಬಲ್ ಸಂಪರ್ಕ ಬಿಟ್ಟು ಬಿಟ್ಟು ಬರತೊಡಗಿತು. ಸಂಪರ್ಕ ಕೆಟ್ಟರೆ ಪಡಿಯಚ್ಚನ್ನು ಬದಿಗಿಟ್ಟು ಮೂಲ ತನ್ನ ಪಾಡಿಗೆ ತಾನು ನಡೆಯಬೇಕು, ವಿನ್ಯಾಸ ಇದ್ದದ್ದೇ ಹಾಗೆ. ಆದರೆ ಡೇಟಾ ಇಟ್ಟಿದ್ದ ಸ್ಟೋರೇಜ್ ವ್ಯವಸ್ಥೆ ನಿರೀಕ್ಷೆಯಂತೆ ವರ್ತಿಸದೆ, ಮುಖ್ಯ ಕೇಂದ್ರದ ಸರ್ವರ್‌ಗಳಿಗೇ ಸಿಗದಂತಾಯಿತು. ವ್ಯಾಪಾರಿಗಳ ನಷ್ಟದ ಅಪಾಯವನ್ನು ಕ್ಷಣಕ್ಷಣಕ್ಕೂ ಅಳೆಯುವ ವ್ಯವಸ್ಥೆ ಕುಸಿಯಿತು. ಅದಿಲ್ಲದೆ ಪೇಟೆ ನಡೆಸುವಂತಿಲ್ಲ.

ಮೂಲವನ್ನು ಕಾಪಾಡಲೆಂದು ಮಾಡಿಕೊಂಡ ಏರ್ಪಾಟೇ ಮೂಲವನ್ನು ಕೆಡವಿದ ಪ್ರಸಂಗ ಇದು. ಇದನ್ನು ಅಪರೂಪದ ಅವಘಡವೆಂದು ತಳ್ಳಿಹಾಕುವಂತಿಲ್ಲ. ದೊಡ್ಡ ಸಂಸ್ಥೆಗಳ ಡೇಟಾ ನಷ್ಟದ ಪ್ರಕರಣಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಮತ್ತೆ ಮತ್ತೆ ಎದುರಾಗುವ ಸಂಗತಿ ಒಂದೇ: ಪ್ರತಿಗಳಿಗೆ ಕೊರತೆ ಇರಲಿಲ್ಲ, ಮೂಲದಿಂದ ಅವುಗಳಿಗೆ ಇರಬೇಕಾದ ಅಂತರ ಇರಲಿಲ್ಲ. ಅಂತರದಲ್ಲಿ ಮೂರು ಬಗೆ. ಜಾಗದ ಅಂತರ, ಕಾಲದ ಅಂತರ, ಅಧಿಕಾರದ ಅಂತರ. ಮೊದಲನೆಯದಕ್ಕೆ ನಿಯಮಗಳಿವೆ, ಹಣವೂ ಸಿಗುತ್ತದೆ. ಉಳಿದೆರಡಕ್ಕೆ ಹೊಡೆತ ಬಿದ್ದ ಮೇಲಷ್ಟೇ ಗಮನ ಹರಿಯುತ್ತದೆ.

ದೂರಕ್ಕೆ ತೆರಬೇಕಾದ ಬೆಲೆ

ಒಂದು ಕಡೆ ಬರೆದ ಡೇಟಾವನ್ನು ಇನ್ನೊಂದು ಕಡೆಯೂ ತಾನಾಗಿ ಬರೆಯುವುದಕ್ಕೆ ರೆಪ್ಲಿಕೇಶನ್ ಎನ್ನುತ್ತಾರೆ. ಇದರಲ್ಲಿ ಎರಡು ಕ್ರಮಗಳಿವೆ. ಮೊದಲನೆಯದರಲ್ಲಿ, ನೀವು ಹಣ ವರ್ಗಾಯಿಸಿದಾಗ ಆ ನಮೂದು ಎರಡೂ ಕೇಂದ್ರಗಳಲ್ಲಿ ಬರೆದಾದ ಮೇಲೆಯೇ ‘ಆಯಿತು’ ಎಂಬ ಉತ್ತರ ಬರುತ್ತದೆ. ಒಂದು ಕೇಂದ್ರ ಸುಟ್ಟುಹೋದರೂ ‘ಆಯಿತು’ ಎಂದ ಯಾವ ನಮೂದೂ ಕಳೆಯುವುದಿಲ್ಲ. ಎರಡನೆಯದರಲ್ಲಿ ಮೂಲ ಕೇಂದ್ರ ತಾನು ಬರೆದುಕೊಂಡ ಕೂಡಲೇ ಉತ್ತರ ಕೊಟ್ಟುಬಿಡುತ್ತದೆ; ದೂರದ ಪ್ರತಿ ಕೆಲವು ಸೆಕೆಂಡು ಅಥವಾ ನಿಮಿಷ ಹಿಂದೆ ಬಿದ್ದು ಹಿಂಬಾಲಿಸುತ್ತದೆ. ಮೂಲ ಹೋದರೆ ಆ ಹಿಂದೆ ಬಿದ್ದಷ್ಟು ಭಾಗವೂ ಹೋದಂತೆಯೇ.

ಹಾಗಿದ್ದರೆ ಎಲ್ಲರೂ ಮೊದಲನೆಯದನ್ನೇ ಏಕೆ ಬಳಸುವುದಿಲ್ಲ? ಬೆಳಕಿನ ವೇಗ ಬಿಡುವುದಿಲ್ಲ. ಫೈಬರ್ ಕೇಬಲ್ಲಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಮುಂಬೈಯಿಂದ ಚೆನ್ನೈಗೆ ನೇರ ಗೆರೆ ಎಳೆದರೂ ಸಾವಿರ ಕಿಲೋಮೀಟರ್. ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡ್ ಬೇಕು. ನಮಗೆ ಅದು ಕಣ್ಣು ಮಿಟುಕಿಸುವಷ್ಟೂ ಅಲ್ಲ. ಆದರೆ ಒಂದು ನಮೂದು ಮುಗಿಯದೆ ಮುಂದಿನದು ಶುರುವಾಗದ ಲೆಕ್ಕದ ಸಾಲಿನಲ್ಲಿ, 10 ಮಿಲಿಸೆಕೆಂಡ್ ಎಂದರೆ ಸೆಕೆಂಡಿಗೆ ನೂರೇ ನಮೂದು. ಯಾವ ಷೇರುಪೇಟೆಯೂ ಆ ವೇಗದಲ್ಲಿ ಬದುಕುವುದಿಲ್ಲ. ಆದ್ದರಿಂದಲೇ ಒಂದು ನಮೂದನ್ನೂ ಕಳೆದುಕೊಳ್ಳದ ಪ್ರತಿಗೆ ಹತ್ತಿರದ ಕುರ್ಲಾ, ಭೂಕಂಪವೋ ಪ್ರವಾಹವೋ ಬಂದರೆ ಇರಲೆಂದು ದೂರದ ಚೆನ್ನೈ.

ದೂರದ ಪ್ರತಿಯ ಬೆಲೆ ಏನೆಂದು ಜಗತ್ತು ಕಂಡುಕೊಂಡದ್ದು 2001ರ ಸೆಪ್ಟೆಂಬರ್ 11ರಂದು. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿದ್ದ ಕ್ಯಾಂಟರ್ ಫಿಟ್ಜ್‌ಜೆರಾಲ್ಡ್ ಸಂಸ್ಥೆ ಅಂದು ತನ್ನ 658 ಮಂದಿಯನ್ನು ಕಳೆದುಕೊಂಡಿತು. ಆದರೂ ಎರಡು ದಿನಗಳಲ್ಲಿ ಬಾಂಡ್ ಪೇಟೆ ತೆರೆದಾಗ ಅದರ ವಿದ್ಯುನ್ಮಾನ ವಹಿವಾಟು ಶುರುವಾಗಿತ್ತು. ನ್ಯೂಜೆರ್ಸಿಯಲ್ಲಿ ಅದಕ್ಕೊಂದು ಜೋಡಿ ಕೇಂದ್ರವಿತ್ತು. ಆ ನಂತರ ಅಮೆರಿಕದ ನಿಯಂತ್ರಕರು ಎರಡು ಕೇಂದ್ರಗಳ ನಡುವೆ 200-300 ಮೈಲಿ ಇರಬೇಕೇ ಎಂದು ಚರ್ಚಿಸಿ, 2003ರ ಅಂತಿಮ ದಾಖಲೆಯಲ್ಲಿ ನಿರ್ದಿಷ್ಟ ದೂರವನ್ನು ಕಡ್ಡಾಯ ಮಾಡದೆ ಬಿಟ್ಟರು. ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ, ಷೇರು ವಿನಿಮಯ ಕೇಂದ್ರಗಳ ಪರ್ಯಾಯ ಕೇಂದ್ರ ಆದಷ್ಟೂ ಬೇರೆ ಭೂಕಂಪ ವಲಯದಲ್ಲಿರಬೇಕು ಎನ್ನುತ್ತದೆ. 2021ರ ಪ್ರಸಂಗದ ಬೆನ್ನಿಗೇ ಅದು ಗಡಿಯಾರವನ್ನೂ ಬಿಗಿ ಮಾಡಿತು: ಕಳೆಯುವ ಡೇಟಾ 15 ನಿಮಿಷದ್ದಕ್ಕಿಂತ ಹೆಚ್ಚಿರಕೂಡದು, ವಿಪತ್ತು ಘೋಷಿಸಿದ 45 ನಿಮಿಷದೊಳಗೆ ಕೆಲಸ ಮತ್ತೆ ನಡೆಯಬೇಕು. 2024ರ ಮಾರ್ಚ್ 2 ಮತ್ತು ಮೇ 18, ಎರಡು ಶನಿವಾರ, ಪೇಟೆ ತೆರೆದದ್ದು ಏಕೆಂದು ಹಲವು ಹೂಡಿಕೆದಾರರು ತಲೆ ಕೆರೆದುಕೊಂಡಿದ್ದರು. ಅದು ಪರ್ಯಾಯ ಕೇಂದ್ರಕ್ಕೆ ಸ್ಥಳಾಂತರವಾಗುವ ತಾಲೀಮು. ಮೊದಲ ಅವಧಿ ಮುಖ್ಯ ಕೇಂದ್ರದಿಂದ, ಎರಡನೆಯದು ಪರ್ಯಾಯ ಕೇಂದ್ರದಿಂದ.

ಇಷ್ಟೆಲ್ಲ ಒಳ್ಳೆಯದೇ. ಆದರೆ ಈ ಎಲ್ಲ ಅಳತೆಗಳ ಹಿಂದೆ ಒಂದು ಊಹೆ ಅಡಗಿದೆ: ಕೆಡುವುದು ಜಾಗ, ಡೇಟಾ ಅಲ್ಲ. ಕಟ್ಟಡ ಸುಡುತ್ತದೆ, ನೀರು ನುಗ್ಗುತ್ತದೆ, ಕರೆಂಟ್ ಹೋಗುತ್ತದೆ. ಡೇಟಾ ಮಾತ್ರ ಸರಿಯಾಗಿಯೇ ಇರುತ್ತದೆ, ಅದನ್ನು ಬೇರೆ ಕಡೆಯಿಂದ ಓದಿಕೊಂಡರಾಯಿತು. ಡೇಟಾವೇ ಕೆಟ್ಟರೆ?

ಪಾಪದಲ್ಲೂ ಪಾಲು

ಪುರಾಣ ಕಥೆಯಲ್ಲಿ ರತ್ನಾಕರ ದರೋಡೆ ಮಾಡಿ ತಂದದ್ದನ್ನು ಉಂಡ ಹೆಂಡತಿ ಮಕ್ಕಳು ಪಾಪದಲ್ಲಿ ಮಾತ್ರ ಪಾಲು ಬೇಡವೆಂದರು. ರೆಪ್ಲಿಕೇಶನ್‌ಗೆ ಆ ಜಾಣತನವಿಲ್ಲ. ಮೂಲದಲ್ಲಿ ಏನು ಬರೆದರೋ ಅದನ್ನು ಬರೆಯುವುದು, ಏನು ಅಳಿಸಿದರೋ ಅದನ್ನು ಅಳಿಸುವುದು, ಅಷ್ಟೇ ಅದಕ್ಕೆ ಗೊತ್ತು. ಅಳಿಸಿದ ಕೈ ಲೆಕ್ಕಿಗನದೋ ಕಳ್ಳನದೋ ಎಂದು ಅದು ಕೇಳುವುದಿಲ್ಲ. ಪ್ರತಿ ಮೂಲಕ್ಕೆ ಎಷ್ಟು ಹತ್ತಿರವಾಗಿ ಹಿಂಬಾಲಿಸುತ್ತದೋ ಅಷ್ಟು ಬೇಗ ತಪ್ಪೂ ಅದನ್ನು ಮುಟ್ಟುತ್ತದೆ.

2008ರ ಕೊನೆಯಲ್ಲಿ ಜರ್ನಲ್‌ಸ್ಪೇಸ್ ಎಂಬ ಬ್ಲಾಗ್ ಸೇವೆ ಹೀಗೇ ಮುಗಿದುಹೋಯಿತು. ಒಂದೇ ಬಗೆಯ ಎರಡು ಡಿಸ್ಕ್‌ಗಳಲ್ಲಿ ಒಟ್ಟೊಟ್ಟಿಗೆ ಬರೆಯುವುದನ್ನೇ ಅದು ಬ್ಯಾಕಪ್ ಎಂದು ನಂಬಿತ್ತು. ಡೇಟಾಬೇಸ್ ಅಳಿದಾಗ ಎರಡರಲ್ಲೂ ಒಟ್ಟಿಗೇ ಅಳಿಯಿತು. ಅದು ಸಣ್ಣ ಸಂಸ್ಥೆ ಎನ್ನಬಹುದು. ಮೇರ್ಸ್ಕ್ ಸಣ್ಣದಲ್ಲ. ಜಗತ್ತಿನ ಅತಿ ದೊಡ್ಡ ಹಡಗು ಸಾಗಣೆ ಸಂಸ್ಥೆಗಳಲ್ಲಿ ಒಂದಾದ ಈ ಡ್ಯಾನಿಶ್ ಕಂಪನಿಗೆ 2017ರ ಜೂನ್ 27ರಂದು ನಾಟ್‌ಪೆಟ್ಯ ಎಂಬ ಕುತಂತ್ರಾಂಶ ನುಗ್ಗಿತು. ಯಾರು ಯಾವ ಕಂಪ್ಯೂಟರಿಗೆ ಪ್ರವೇಶಿಸಬಹುದು ಎಂಬ ಪಟ್ಟಿಯನ್ನು ಇಟ್ಟುಕೊಂಡ ಸುಮಾರು 150 ಸರ್ವರ್‌ಗಳು ಅದರ ಜಗತ್ತಿನಾದ್ಯಂತದ ಕಚೇರಿಗಳಲ್ಲಿ ಹರಡಿದ್ದವು. ಒಂದು ಕೆಟ್ಟರೆ ಇನ್ನೊಂದು ಇದೆಯಲ್ಲ ಎಂಬ ಭರವಸೆಯಲ್ಲಿ ಅವು ಸದಾ ಪರಸ್ಪರ ತಾಳೆ ನೋಡಿಕೊಳ್ಳುತ್ತಿದ್ದವು. ಎಲ್ಲವೂ ಒಂದೇ ಹೊತ್ತಿಗೆ ಅಳಿಸಿಹೋಗಬಹುದೆಂದು ಯಾರೂ ಎಣಿಸಿರಲಿಲ್ಲ. ಅಳಿಸಿಹೋದವು. ಉಳಿದದ್ದು ಒಂದೇ, ಘಾನಾದ ಕಚೇರಿಯದು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಆ ಸರ್ವರ್ ಜಾಲದಿಂದ ಹೊರಗಿತ್ತು. ಅಲ್ಲಿನ ಇಂಟರ್ನೆಟ್ ನಿಧಾನವೆಂದು ಅದರ ಹಾರ್ಡ್ ಡಿಸ್ಕನ್ನು ನೈಜೀರಿಯಾದ ಮೂಲಕ ವಿಮಾನದಲ್ಲಿ ಇಂಗ್ಲೆಂಡಿಗೆ ಒಯ್ದರು. 4,000 ಸರ್ವರ್, 45,000 ಕಂಪ್ಯೂಟರುಗಳನ್ನು ಹತ್ತು ದಿನಗಳಲ್ಲಿ ಹೊಸದಾಗಿ ಕಟ್ಟಿದೆವೆಂದು ಕಂಪನಿಯ ಅಧ್ಯಕ್ಷರು ಮರುವರ್ಷ ದಾವೋಸ್‌ನಲ್ಲಿ ಹೇಳಿದರು.

ಘಾನಾದ ಸರ್ವರಿನಲ್ಲಿ ವಿಶೇಷವೇನೂ ಇರಲಿಲ್ಲ. ಅದು ಹಿಂದೆ ಬಿದ್ದಿತ್ತು, ಅಷ್ಟೇ. ಬೇರೆ ದಿನವಾಗಿದ್ದರೆ ಅದನ್ನೇ ದೋಷವೆಂದು ನಮೂದಿಸುತ್ತಿದ್ದರು.

ಕಾಲದ ಒಂದು ಗಳಿಗೆ

ಹಿಂದೆ ಬೀಳುವುದನ್ನು ಅದೃಷ್ಟಕ್ಕೆ ಬಿಡದೆ ಬೇಕೆಂದೇ ಮಾಡುವ ವಿಧಾನ ಸ್ನ್ಯಾಪ್‌ಶಾಟ್. ಇಂತಿಷ್ಟು ಗಂಟೆಗೆ ಡೇಟಾ ಹೇಗಿತ್ತೋ ಹಾಗೇ ಅದನ್ನು ಹಿಡಿದಿಡುವುದು. ಹೆಸರು ಕೇಳಿ, ಇಡೀ ಡೇಟಾವನ್ನು ನಕಲು ಮಾಡುತ್ತಾರೆಂದು ಭಾವಿಸುವವರೇ ಹೆಚ್ಚು. ಹಾಗಾಗಿದ್ದರೆ ನೂರು ಟೆರಾಬೈಟ್‌ಗೆ ಗಂಟೆಗಟ್ಟಲೆ ಬೇಕಿತ್ತು. ವಾಸ್ತವದಲ್ಲಿ ಹಿಡಿಯುವುದು ಸೆಕೆಂಡುಗಳು. ಗುಟ್ಟು ಇರುವುದು ಡಿಸ್ಕಿನ ಒಳಗಣ ವಿಳಾಸಪಟ್ಟಿಯಲ್ಲಿ.

ಸ್ಟೋರೇಜ್ ವ್ಯವಸ್ಥೆ ಡೇಟಾವನ್ನು ಸಣ್ಣ ಸಣ್ಣ ಬ್ಲಾಕ್‌ಗಳಾಗಿ ಇಡುತ್ತದೆ, ಒಂದೊಂದೂ ಹಲವೆಡೆ 4 ಕಿಲೋಬೈಟಿನದು. ಯಾವ ಕಡತದ ಯಾವ ಭಾಗ ಎಷ್ಟನೇ ಬ್ಲಾಕಿನಲ್ಲಿದೆ ಎಂಬ ಪಟ್ಟಿ ಬೇರೆ. ಒಬ್ಬರ ಉಳಿತಾಯ ಖಾತೆಯ ಶಿಲ್ಕು 40,000 ರೂಪಾಯಿ, ಅದಿರುವುದು 812ನೇ ಬ್ಲಾಕಿನಲ್ಲಿ ಎಂದುಕೊಳ್ಳಿ. 11 ಗಂಟೆಗೆ ಸ್ನ್ಯಾಪ್‌ಶಾಟ್ ತೆಗೆದರೆ ಆಗುವುದಿಷ್ಟೇ: ಪಟ್ಟಿಯ ತುದಿಯನ್ನು ಪ್ರತಿ ಮಾಡಿ, ‘ಈ ಪಟ್ಟಿ ಹೇಳುವ ಯಾವ ಬ್ಲಾಕನ್ನೂ ಮುಟ್ಟಕೂಡದು’ ಎಂದು ಗುರುತು ಹಾಕುವುದು. 11.05ಕ್ಕೆ ಖಾತೆದಾರ 10,000 ತೆಗೆದರೆ, 30,000 ಎಂಬ ಹೊಸ ಶಿಲ್ಕು 812ರ ಮೇಲೆ ಬೀಳದೆ ಖಾಲಿ ಇರುವ ಬೇರೊಂದು ಬ್ಲಾಕಿಗೆ, ಹೇಳಿ 5,090ಕ್ಕೆ, ಹೋಗುತ್ತದೆ. ಚಾಲ್ತಿ ಪಟ್ಟಿ 5,090 ಎನ್ನುತ್ತದೆ, 11 ಗಂಟೆಯ ಪಟ್ಟಿ 812 ಎನ್ನುತ್ತಲೇ ಇರುತ್ತದೆ. ಬದಲಾಗದ ಕೋಟ್ಯಂತರ ಬ್ಲಾಕ್‌ಗಳು ಎರಡೂ ಪಟ್ಟಿಗಳಿಗೆ ಸಾಮಾನ್ಯ. ಆದ್ದರಿಂದ ಜಾಗ ಖರ್ಚಾಗುವುದು ಬದಲಾದಷ್ಟಕ್ಕೆ ಮಾತ್ರ. ಇನ್ನು ಕೆಲವು ಯಂತ್ರಗಳು ಹಳೆಯ ಶಿಲ್ಕನ್ನು ಮೊದಲು ಬೇರೆಡೆಗೆ ಎತ್ತಿಟ್ಟು, ಆಮೇಲೆ 812ರಲ್ಲೇ ಹೊಸದನ್ನು ಬರೆಯುತ್ತವೆ. ಒಂದು ಬರಹಕ್ಕೆ ಎರಡು ಕೆಲಸವಾಗುವುದರಿಂದ ಯಂತ್ರ ತುಸು ನಿಧಾನವಾಗುತ್ತದೆ.

ಈ ವಿಚಾರವನ್ನು ಮಾರುಕಟ್ಟೆಗೆ ತಂದವರಲ್ಲಿ ಅಮೆರಿಕದ ನೆಟ್‌ಆ್ಯಪ್ ಪ್ರಮುಖ. ಆ ಸಂಸ್ಥೆಯ ಡೇವ್ ಹಿಟ್ಜ್ ಮತ್ತಿಬ್ಬರು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ ಒಂದು ಕಡತ ವ್ಯವಸ್ಥೆಗೆ 20ರವರೆಗೆ ಸ್ನ್ಯಾಪ್‌ಶಾಟ್ ಇಡಬಹುದಿತ್ತು. ಅದೇ ವರ್ಷ ಇಎಂಸಿ ಸಂಸ್ಥೆ ದೂರದ ಊರಿಗೆ ರೆಪ್ಲಿಕೇಶನ್ ಮಾಡುವ ಎಸ್‌ಆರ್‌ಡಿಎಫ್ ಅನ್ನು ಮಾರಲು ಶುರುಮಾಡಿತು. ಹಿಂಬಾಲಿಸುವ ಪ್ರತಿ, ನಿಂತ ಪ್ರತಿ ಎರಡೂ ಒಂದೇ ಕಾಲದ ಕೂಸುಗಳು. ಒಂದು ಇನ್ನೊಂದರ ಬದಲಿ ಎಂಬ ಗೊಂದಲ ಮೂವತ್ತು ವರ್ಷ ಕಳೆದರೂ ಹೋಗಿಲ್ಲ.

ನಿಂತ ಪ್ರತಿಗೂ ತನ್ನದೇ ತೊಡಕುಗಳಿವೆ. ನಿಮ್ಮ ಖಾತೆಯಿಂದ ಹಣ ಕಳೆಯುವ ಪುಸ್ತಕ ಒಂದು ಡಿಸ್ಕ್ ಗುಂಪಿನಲ್ಲಿ, ಇನ್ನೊಬ್ಬರ ಖಾತೆಗೆ ಸೇರಿಸುವ ಪುಸ್ತಕ ಮತ್ತೊಂದರಲ್ಲಿ ಇದ್ದು, ಎರಡರ ಸ್ನ್ಯಾಪ್‌ಶಾಟ್ ನಡುವೆ ಅರೆ ಸೆಕೆಂಡ್ ವ್ಯತ್ಯಾಸವಾದರೆ, ಹಣ ಒಂದು ಕಡೆ ಕಳೆದು ಇನ್ನೊಂದು ಕಡೆ ಸೇರದ ಲೆಕ್ಕ ಸಿಗುತ್ತದೆ. ಅದಕ್ಕಾಗಿ ಸಂಬಂಧಪಟ್ಟ ಎಲ್ಲ ಡಿಸ್ಕ್‌ಗಳನ್ನೂ ಒಂದು ಕಟ್ಟಾಗಿ ಕಟ್ಟಿ, ಒಂದೇ ಗಳಿಗೆಯಲ್ಲಿ ಹಿಡಿಯಬೇಕು. ಡೇಟಾಬೇಸಿಗೆ ‘ಕೈಯಲ್ಲಿರುವುದನ್ನು ಬರೆದು ಒಂದು ಗಳಿಗೆ ತಡೆ’ ಎಂದು ಮೊದಲೇ ಹೇಳಬೇಕು. ಎರಡನೆಯ ತೊಡಕು ಇನ್ನೂ ಸರಳ. ಸ್ನ್ಯಾಪ್‌ಶಾಟ್ ಇರುವುದು ಮೂಲ ಇರುವ ಡಿಸ್ಕಿನಲ್ಲೇ. 812ನೇ ಬ್ಲಾಕ್ ಇರುವ ಯಂತ್ರ ಸುಟ್ಟರೆ ಎರಡೂ ಪಟ್ಟಿಗಳು ಬೂದಿ. ಕಾಲದ ಅಂತರ ಸಿಕ್ಕಿತು, ಜಾಗದ್ದು ಸಿಗಲಿಲ್ಲ. ಸ್ನ್ಯಾಪ್‌ಶಾಟನ್ನು ಇನ್ನೊಂದು ಊರಿನ ಯಂತ್ರಕ್ಕೆ ದಾಟಿಸಿದಾಗಲೇ ಎರಡೂ ದಕ್ಕುವುದು.

ಐದು ದಾರಿ, ಐದೂ ಮುಚ್ಚಿದ್ದವು

ಕಾಗದದ ಮೇಲೆ ಎಲ್ಲವೂ ಸರಿ ಇದ್ದೂ ಕೈಗೆ ಏನೂ ಸಿಗದೆ ಹೋಗುವುದು ಹೇಗೆಂಬುದಕ್ಕೆ ಗಿಟ್‌ಲ್ಯಾಬ್ ಪ್ರಕರಣದಷ್ಟು ಬಿಚ್ಚುಮನಸ್ಸಿನ ದಾಖಲೆ ಮತ್ತೊಂದಿಲ್ಲ. ತಂತ್ರಾಂಶ ಬರೆಯುವವರು ತಮ್ಮ ಕೆಲಸವನ್ನು ಇಡುವ ಈ ಸೇವೆಯಲ್ಲಿ 2017ರ ಜನವರಿ 31ರ ರಾತ್ರಿ ಮುಖ್ಯ ಡೇಟಾಬೇಸನ್ನು ಹಿಂಬಾಲಿಸುತ್ತಿದ್ದ ಎರಡನೇ ಸರ್ವರ್ ತೀರಾ ಹಿಂದೆ ಬಿದ್ದಿತು. ಅದನ್ನು ಖಾಲಿ ಮಾಡಿ ಮೊದಲಿಂದ ಪ್ರತಿ ತುಂಬಿಸಲು ಒಬ್ಬ ಎಂಜಿನಿಯರ್ ಹೊರಟರು. ಅಳಿಸುವ ಆದೇಶ ಕೊಟ್ಟದ್ದು ಎರಡನೇ ಸರ್ವರಿಗೆ ಎಂದುಕೊಂಡಿದ್ದರು, ಕೊಟ್ಟದ್ದು ಮುಖ್ಯ ಸರ್ವರಿಗೆ. ಒಂದೆರಡು ಸೆಕೆಂಡಿನಲ್ಲಿ ಅರಿವಾಗಿ ತಡೆದರೂ 300 ಗಿಗಾಬೈಟಿನಲ್ಲಿ ಉಳಿದದ್ದು ಸುಮಾರು 4.5.

ಆಗ ಬ್ಯಾಕಪ್‌ಗಳ ಕಡೆ ಓಡಿದರು. ದಿನಕ್ಕೊಮ್ಮೆ ಆಗಬೇಕಿದ್ದ ಪೂರ್ಣ ಪ್ರತಿ ಆಗುತ್ತಲೇ ಇರಲಿಲ್ಲ: ಡೇಟಾಬೇಸ್ 9.6ನೇ ಆವೃತ್ತಿಯದು, ಪ್ರತಿ ತೆಗೆಯುವ ಸಲಕರಣೆ 9.2ರದು, ಎರಡಕ್ಕೂ ಹೊಂದಿಕೆ ಇರಲಿಲ್ಲ. ವಿಫಲವಾಯಿತೆಂಬ ಇಮೇಲ್ ಹೊರಡುತ್ತಿತ್ತು, ಆದರೆ ಸಹಿ ಇಲ್ಲದ ಇಮೇಲ್ ಎಂದು ಅದನ್ನು ಅವರದೇ ಇಮೇಲ್ ವ್ಯವಸ್ಥೆ ತಿರಸ್ಕರಿಸುತ್ತಿತ್ತು. ಕ್ಲೌಡ್ ಸೇವೆಯ ಡಿಸ್ಕ್ ಸ್ನ್ಯಾಪ್‌ಶಾಟ್ ಬೇರೆ ಸರ್ವರ್‌ಗಳಿಗೆ ಇತ್ತು, ಡೇಟಾಬೇಸ್ ಸರ್ವರಿಗೆ ಇರಲಿಲ್ಲ. ಹಿಂಬಾಲಿಸುವ ಪ್ರತಿಯನ್ನಂತೂ ಆಗಲೇ ಖಾಲಿ ಮಾಡಲಾಗಿತ್ತು. ಐದು ಬಗೆಯ ರಕ್ಷಣೆಯಲ್ಲಿ ಒಂದೂ ನಂಬುವಂತೆ ಕೆಲಸ ಮಾಡಲಿಲ್ಲವೆಂದು ಕಂಪನಿಯೇ ಬರೆದುಕೊಂಡಿತು. ಪುಣ್ಯಕ್ಕೆ, ಆರು ಗಂಟೆ ಮೊದಲು ಬೇರಾವುದೋ ಪ್ರಯೋಗಕ್ಕೆಂದು ಒಂದು ಸ್ನ್ಯಾಪ್‌ಶಾಟನ್ನು ಕೈಯಾರೆ ತೆಗೆದಿದ್ದರು. ಅದರಿಂದಲೇ ಸೇವೆ ಮರಳಿತು, ಅದೂ ನಿಧಾನದ ಡಿಸ್ಕಿನಿಂದ ಗಂಟೆಗಟ್ಟಲೆ ನಕಲು ಮಾಡಿದ ಮೇಲೆ. ಆರು ಗಂಟೆಯ ನಡುವೆ ಸೇರಿದ ಸುಮಾರು 5,000 ಯೋಜನೆ, 5,000 ಟಿಪ್ಪಣಿ, 700 ಹೊಸ ಖಾತೆಗಳ ವಿವರ ಹೋಯಿತು.

ಇದನ್ನು ಕೈತಪ್ಪಿನ ಕಥೆಯಾಗಿ ಓದುವವರಿದ್ದಾರೆ. ರಾತ್ರಿ ಹನ್ನೊಂದಕ್ಕೆ ಯಾರದೋ ಬೆರಳು ತಪ್ಪಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ; ದಿನವೂ ನಡೆಯದಿದ್ದ ಪ್ರತಿಯನ್ನು ದಿನವೂ ನಡೆಯುತ್ತಿದೆ ಎಂದು ಇಡೀ ಸಂಸ್ಥೆ ನಂಬಿದ್ದು ದೊಡ್ಡದು. ಪ್ರತಿ ತೆಗೆಯುವುದು ಯಂತ್ರದ ಕೆಲಸ. ಅದನ್ನು ಮರಳಿ ಜೋಡಿಸಿ ನೋಡುವುದು ಜನರ ಕೆಲಸ, ಅದಕ್ಕೆ ಯಾರೂ ದಿನಗೂಲಿ ಕೊಡುವುದಿಲ್ಲ.

‘ಕ್ಲೌಡ್‌ನಲ್ಲಿದೆಯಲ್ಲ?’

ಇಷ್ಟು ಹೇಳಿದ ಮೇಲೆ ಬರುವ ಮೊದಲ ಆಕ್ಷೇಪ ಇದು. ಈಗ ಡೇಟಾ ಇರುವುದು ದೈತ್ಯ ಕ್ಲೌಡ್ ಕಂಪನಿಗಳಲ್ಲಿ, ಇದೆಲ್ಲ ಅವರ ತಲೆನೋವು ಎಂಬ ವಾದ. ಅದರಲ್ಲಿ ಹುರುಳಿಲ್ಲದಿಲ್ಲ, ಒಂದು ಡಿಸ್ಕ್ ಕೆಟ್ಟು ಡೇಟಾ ಹೋಗುವ ಕಾಲ ಅವರಿಂದ ಬಹುಮಟ್ಟಿಗೆ ಮುಗಿದಿದೆ. ಆದರೆ ಆಸ್ಟ್ರೇಲಿಯಾದ ನಿವೃತ್ತಿ ನಿಧಿ ಯೂನಿಸೂಪರ್‌ನ ಡೇಟಾ ಗೂಗಲ್ ಕ್ಲೌಡ್‌ನ ಎರಡು ವಲಯಗಳಲ್ಲಿ ಇತ್ತು. 2024ರ ಮೇ ತಿಂಗಳಲ್ಲಿ, ಹಿಂದೆಂದೋ ಆದ ಹೊಂದಾಣಿಕೆಯ ತಪ್ಪಿನಿಂದ ಆ ನಿಧಿಯ ಖಾಸಗಿ ಕ್ಲೌಡ್ ಖಾತೆಯೇ ಅಳಿಸಿಹೋಗಿ, ಎರಡೂ ವಲಯಗಳ ಪ್ರತಿಗಳು ಒಟ್ಟಿಗೆ ಮಾಯವಾದವು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರು ದಿನಗಟ್ಟಲೆ ತಮ್ಮ ಖಾತೆ ನೋಡಲಾಗಲಿಲ್ಲ. ಮತ್ತೊಂದು ಸೇವಾದಾರರ ಬಳಿ ಬ್ಯಾಕಪ್ ಇಟ್ಟಿದ್ದು ಕೈಹಿಡಿಯಿತು. ಜಾಗ ಎರಡಿದ್ದರೂ ಅಳಿಸುವ ಅಧಿಕಾರ ಒಂದೇ ಕಡೆ ಇತ್ತು. ಮೂರನೆಯ ಅಂತರ ಎಂದದ್ದು ಇದನ್ನೇ. ಬೇಡಿಕೆ ಇಟ್ಟು ಡೇಟಾ ಒತ್ತೆ ಇರಿಸಿಕೊಳ್ಳುವ ರ‍್ಯಾನ್ಸಮ್‌ವೇರ್ ದಾಳಿಕೋರರಿಗೂ ಇದು ಚೆನ್ನಾಗಿ ಗೊತ್ತು. ಎಷ್ಟೋ ದಾಳಿಗಳಲ್ಲಿ ಅವರು ಬೀಗ ಹಾಕುವ ಮೊದಲು ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ಹುಡುಕಿ ಅಳಿಸುತ್ತಾರೆ. ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ಡೇಟಾಕ್ಕೆ 2022ರ ನವೆಂಬರ್‌ನಲ್ಲಿ ಹೀಗೆ ಬೀಗ ಬಿದ್ದಾಗ, ಸರದಿಯಲ್ಲಿದ್ದ ರೋಗಿಗಳಿಗೆ ಕೈಬರಹದ ಚೀಟಿಯೇ ಗತಿಯಾಯಿತು. ದಾಳಿ ಮುಟ್ಟದ ಒಂದು ಬ್ಯಾಕಪ್ ಸರ್ವರ್ ಇದ್ದದ್ದರಿಂದ ಆಸ್ಪತ್ರೆಯ ದಾಖಲೆ ಮರಳಿತು. ಈಗಿನ ಯಂತ್ರಗಳಲ್ಲಿ, ಅವಧಿ ಮುಗಿಯುವವರೆಗೆ ಮೇಲಧಿಕಾರಿಯೂ ಅಳಿಸಲಾಗದಂತೆ ಸ್ನ್ಯಾಪ್‌ಶಾಟಿಗೆ ಬೀಗ ಹಾಕುವ ಸೌಲಭ್ಯ ಬಂದಿರುವುದು ಇಂಥ ಅನುಭವಗಳ ಫಲ.

ಎರಡನೆಯ ಆಕ್ಷೇಪ ಖರ್ಚಿನದು. ಅದನ್ನು ಹಗುರವಾಗಿ ಕಾಣಬಾರದು. ದಕ್ಷಿಣ ಕೊರಿಯಾ ಸರ್ಕಾರದ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ಗೆ ಹೊರಗೆ ಪ್ರತಿ ಇಡದಿದ್ದುದಕ್ಕೆ ಕೊಟ್ಟ ಕಾರಣ ಅದರ ಗಾತ್ರವೇ. 2025ರ ಸೆಪ್ಟೆಂಬರ್ 26ರಂದು ಡೇಜಾನ್‌ನ ಡೇಟಾ ಕೇಂದ್ರಕ್ಕೆ ಬೆಂಕಿ ಬಿದ್ದು 858 ಟೆರಾಬೈಟ್ ಹೋಯಿತು. ಎಲ್ಲವನ್ನೂ ಕಾಪಾಡಲು ದುಡ್ಡಿಲ್ಲ ಎಂಬುದು ನಿಜವಾದರೆ, ಯಾವುದನ್ನು ಕಾಪಾಡುವುದಿಲ್ಲ ಎಂದು ಬಳಸುವವರಿಗೆ ಮೊದಲೇ ಹೇಳಬೇಕಾಗುತ್ತದೆ. ಆಗ ಅವರಾದರೂ ತಮ್ಮದೊಂದು ಪ್ರತಿ ಇಟ್ಟುಕೊಂಡಾರು. ಕರ್ನಾಟಕದಲ್ಲಿ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆ ಬಂದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಕಾಗದ ಹೀಗೆ ಹಿಂದೆ ಸರಿದ ಕಡೆಯಲ್ಲೆಲ್ಲ ಡೇಟಾದ ಪ್ರತಿಗೆ ಖರ್ಚು ಮಾಡುವುದು ಐಚ್ಛಿಕ ಸಂಗತಿಯಾಗಿ ಉಳಿಯುವುದಿಲ್ಲ.

ಮೂರನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ಗಟ್ಟಿಯೆನಿಸುತ್ತದೆ, ಮತ್ತು ಅದಕ್ಕೆ ಪೂರ್ತಿ ಉತ್ತರವಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ನನ್ನ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕನ್ನು ಜನರಿಗೆ ಕೊಟ್ಟಿದೆ. ಆದರೆ ಬೀಗ ಹಾಕಿದ ಸ್ನ್ಯಾಪ್‌ಶಾಟ್ ಇರುವುದೇ ಯಾರೂ ಏನನ್ನೂ ಅಳಿಸಬಾರದೆಂದು. ಚಾಲ್ತಿ ಡೇಟಾಬೇಸಿನಿಂದ ಒಬ್ಬರ ಹೆಸರು ತೆಗೆದರೂ ಕಳೆದ ತಿಂಗಳ, ಕಳೆದ ವರ್ಷದ ಪ್ರತಿಗಳಲ್ಲಿ ಅದು ಕೂತೇ ಇರುತ್ತದೆ. ನಾಳೆ ಹಳೆಯ ಪ್ರತಿಯಿಂದ ಮರಳಿ ಜೋಡಿಸಿದರೆ ಅಳಿಸಿದವರೆಲ್ಲ ಎದ್ದು ಬರುತ್ತಾರೆ. ಪ್ರತಿಗಳಿಗೆ ಗಡುವು ಇಟ್ಟು, ಗಡುವು ಮೀರಿದ್ದನ್ನು ತಾನಾಗಿ ಹೋಗಲು ಬಿಡುವುದು ಒಂದು ದಾರಿ. ಒಬ್ಬೊಬ್ಬರ ಮಾಹಿತಿಯನ್ನೂ ಬೇರೆ ಬೇರೆ ಸಂಕೇತದ ಕೀಲಿಯಿಂದ ಮುಚ್ಚಿಟ್ಟು, ಅಳಿಸಿ ಎಂದಾಗ ಆ ಕೀಲಿಯನ್ನು ನಾಶ ಮಾಡುವುದು ಇನ್ನೊಂದು. ಹಳೆಯ ಪ್ರತಿಗಳಲ್ಲಿ ಅಕ್ಷರ ಉಳಿದರೂ ಓದಲು ಬಾರದು. ಆದರೆ ಕೀಲಿಗಳು ಕಳೆದರೆ ಎಲ್ಲರ ಡೇಟಾವೂ ಹೋಗುವುದರಿಂದ ಅವುಗಳಿಗೂ ಪ್ರತಿ ಬೇಕು. ಆ ಪ್ರತಿಗೆ ಬೀಗ ಹಾಕಿ ನಿಲ್ಲಿಸಿದರೆ ನಾಶ ಮಾಡಿದ ಕೀಲಿ ಅಲ್ಲಿ ಉಳಿಯುತ್ತದೆ, ಮೂಲವನ್ನು ಹಿಂಬಾಲಿಸಲು ಬಿಟ್ಟರೆ ತಪ್ಪಿ ಅಳಿಸಿದ ಕೀಲಿ ಎಲ್ಲ ಕಡೆಯೂ ಅಳಿಯುತ್ತದೆ. ಕೀಲಿಗಳ ಹಳೆಯ ಪ್ರತಿಯನ್ನು ಎಷ್ಟು ದಿನ ಇಡಬೇಕು ಎಂಬುದು ಹಾಗಾಗಿ ಎಂಜಿನಿಯರ್ ಒಬ್ಬರೇ ಕೂತು ತೀರ್ಮಾನಿಸುವ ಸಂಖ್ಯೆಯಲ್ಲ; ಬ್ಯಾಂಕಿನ ಕಾನೂನು ವಿಭಾಗ, ಲೆಕ್ಕ ತಪಾಸಣೆಯವರು, ದೂರು ಕೊಟ್ಟ ಗ್ರಾಹಕ ಮೂವರೂ ಅದಕ್ಕೆ ಬೇರೆ ಬೇರೆ ಉತ್ತರ ಕೊಡುತ್ತಾರೆ.